ಪ್ರೇಮೋನ್ಮಾದ ಮತ್ತು ರಂಗಭೂಮಿ : ಜಪಾನಿನ ಯಾಸುನಾ, ನಮ್ಮ ಕೀಚಕ

ವಿರಹಿಯ ಅವಸ್ಥೆಗಳು ಹತ್ತೆಂದು ಭರತನ ನಾಟ್ಯಶಾಸ್ತ್ರ ಎಣಿಸುತ್ತದೆ. ಅಭಿಲಾಷೆಯಿಂದ ಮೊದಲಾಗುವ ಆ ಗಣನೆಯಲ್ಲಿ ಉನ್ಮಾದ ಏಳನೆಯದು, ಮರಣ ಹತ್ತನೆಯದು. ಆಲ್ಕೊಳವನ್ನು ದಾಟಿ ಸಾಗರದ ಹಾದಿ ಹಿಡಿದರೆ ದೊರೆಯುವ ಬಡಗುತಿಟ್ಟಿನ ಯಕ್ಷಗಾನದ ಸೀಮೆಯಲ್ಲಿ, ಪ್ರೇಮೋನ್ಮಾದವೆಂದೊಡನೆ ಪ್ರೇಕ್ಷಕನ ಕಣ್ಣಮುಂದೆ ನಿಲ್ಲುವವನು ಕೀಚಕ.

ಇವನನ್ನು ಅರಿಯಲು ದೂರದ ಒಂದು ನಿದರ್ಶನ ನೆರವಾಗುತ್ತದೆ. ಜಪಾನಿನ ಕಬುಕಿ ರಂಗಭೂಮಿಯಲ್ಲಿ ‘ಯಾಸುನಾ’ ಎಂಬ ನೃತ್ಯರೂಪಕವುಂಟು. ಅದರ ಕಥಾಮೂಲ 1734ರ ಒಂದು ಬೊಂಬೆಯಾಟದ ನಾಟಕ. ನೃತ್ಯವನ್ನು 1818ರಲ್ಲಿ ಎದೋ ನಗರದಲ್ಲಿ ಮೂರನೆಯ ಓನೋಎ ಕಿಕುಗೊರೊ ಪ್ರದರ್ಶಿಸಿದನು. ಪ್ರಿಯತಮೆಯನ್ನು ಕಳೆದುಕೊಂಡು ಮತಿಗೆಟ್ಟ ತರುಣನೊಬ್ಬ, ಅವಳ ಉಡುಪನ್ನು ಹೆಗಲ ಮೇಲೆ ಹೊತ್ತು, ವಸಂತದ ಹಳದಿ ಹೂಗಳ ಬಯಲಿನಲ್ಲಿ ಅಲೆಯುತ್ತಾನೆ. ಹಣೆಗೆ ಕಟ್ಟಿದ ನೇರಿಳೆ ಬಣ್ಣದ ಪಟ್ಟಿ ಅವನ ರೋಗದ ಸಂಕೇತ. ಕಥೆ ಇಷ್ಟೇ. ಯಾಸುನಾ ಏಳನೆಯ ಅವಸ್ಥೆಯಲ್ಲಿಯೇ ನಿಂತುಬಿಡುತ್ತಾನೆ. ಅವನ ಹುಚ್ಚಿನಿಂದ ಯಾರಿಗೂ ಕೇಡಿಲ್ಲವಾದುದರಿಂದ ನೋಡುವವನು ನಿರಾತಂಕವಾಗಿ ಮರುಗಬಹುದು.

ಕೀಚಕನ ವಿಷಯ ಹಾಗಲ್ಲ. ಅವನು ಬಯಸಿದವಳು ಜೀವಂತಳಾಗಿದ್ದಾಳೆ. ‘ಒಲ್ಲೆ’ ಎಂದು ಬಾಯಿಬಿಟ್ಟು ಹೇಳಿದ್ದಾಳೆ. ಕುಮಾರವ್ಯಾಸನು ವಿರಾಟಪರ್ವದಲ್ಲಿ ಈ ಮೈದುನನ ವಿರಹತಾಪವನ್ನು ಸಾವಕಾಶವಾಗಿಯೇ ಬಣ್ಣಿಸಿದನು. ಯಕ್ಷಗಾನ ಆ ಎಳೆಯನ್ನು ಹಿಡಿದು ಇನ್ನೂ ಹಿಗ್ಗಿಸಿತು. ಭಾಗವತನ ಪದ ನಿಶ್ಚಿತವಾದದ್ದು, ಅರ್ಥಗಾರಿಕೆಯಾದರೋ ಪಾತ್ರಧಾರಿಯ ಆಶುಸೃಷ್ಟಿ. ಆದ್ದರಿಂದ ಕೀಚಕ ಖಳನೋ ಪ್ರಣಯಿಯೋ ಎಂಬ ನಿರ್ಣಯ ಪ್ರತಿ ರಾತ್ರಿಯೂ ರಂಗದ ಮೇಲೆಯೇ ಆಗಬೇಕು. ಹೊನ್ನಾವರ ಸೀಮೆಯ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು (1933–2017) ಈ ಪಾತ್ರದಲ್ಲಿ ಶೃಂಗಾರಕ್ಕೆ ಕೊಟ್ಟ ಮೆರುಗು ಪ್ರಸಿದ್ಧವಾದುದು. ಅವರಿಗೆ 2012ರಲ್ಲಿ ಪದ್ಮಶ್ರೀ ಸಂದಿತು. ಅಂಥ ಕುಣಿತದ ಎದುರಿನಲ್ಲಿ ನ್ಯಾಯಾನ್ಯಾಯಗಳು ಕ್ಷಣಕಾಲ ಮರೆತುಹೋಗುವುದು ಸಹಜ. ನಾವೂ ಮರೆತವರೇ.

ಇದೇ ಕಥೆಗೆ ಬೇರೊಂದು ಬಾಳೂ ಇದ್ದಿತು. ಖಾಡಿಲ್ಕರರ ಮರಾಠಿ ‘ಕೀಚಕವಧ’ 1907ರಲ್ಲಿ ರಂಗವನ್ನೇರಿದಾಗ ಜನ ಕೀಚಕನಲ್ಲಿ ಲಾರ್ಡ್ ಕರ್ಜನನನ್ನೂ ದ್ರೌಪದಿಯಲ್ಲಿ ಭರತಭೂಮಿಯನ್ನೂ ಕಂಡರು. 1910ರಲ್ಲಿ ಸರ್ಕಾರ ನಾಟಕವನ್ನು ನಿಷೇಧಿಸಿತು. ಅಲ್ಲಿ ಪ್ರೇಕ್ಷಕನ ಮನಸ್ಸು ಸೈರಂಧ್ರಿಯ ಪಕ್ಷದಲ್ಲಿತ್ತು. ನಮ್ಮ ಬಯಲಾಟದಲ್ಲಿ, ಹೇಳಲು ಸಂಕೋಚವಾದರೂ, ಆ ಪಕ್ಷ ಕೃಶವಾಗಿದೆ. ಕೀಚಕನ ಪ್ರವೇಶಕ್ಕೆ ಎಚ್ಚೆತ್ತು ಕುಳಿತ ಸಭೆ, ಸೈರಂಧ್ರಿ ಮೊರೆಯಿಡುವ ಹೊತ್ತಿಗೆ ಎಲೆಯಡಿಕೆಯ ಸಂಚಿಯನ್ನು ಬಿಚ್ಚುತ್ತದೆ.

ಆದರೆ ಪ್ರಸಂಗದ ಕೇಂದ್ರ ಆ ಮೊರೆಯೇ ಎಂದು ನಮಗೆ ತೋರುತ್ತದೆ. ಅಂತಃಪುರದಲ್ಲಿ ದುಡಿದುಣ್ಣುವ ಹೆಂಗಸೊಬ್ಬಳು ತುಂಬಿದ ಸಭೆಯಲ್ಲಿ ಒದೆತ ತಿಂದು ನ್ಯಾಯ ಕೇಳುತ್ತಾಳೆ. ವಿರಾಟ ಸೇನಾಪತಿಯನ್ನು ದಂಡಿಸುವುದಿಲ್ಲ. ವ್ಯಾಸಭಾರತದಲ್ಲಿ ಕಂಕವೇಷದ ಧರ್ಮರಾಯನು, ಹೊತ್ತುಗೊತ್ತರಿಯದೆ ನಟಿಯಂತೆ ಅಳುತ್ತಾ ದ್ಯೂತಕ್ಕೆ ಅಡ್ಡಿಮಾಡುತ್ತಿರುವೆ ಎಂದು ಅವಳನ್ನೇ ಗದರಿಸುತ್ತಾನೆ. ಅವಳು ಆ ರಾತ್ರಿ ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸುತ್ತಾಳೆ. ಕೀಚಕನ ಹತ್ತನೆಯ ಅವಸ್ಥೆಗೆ ಗೊತ್ತಾದ ಸ್ಥಳ ವಿರಾಟನ ನರ್ತನಶಾಲೆ.