ಅದಿರು ಬದಲಾದಾಗ: ಮಂಗಳೂರಿನ ಪೆಲೆಟ್ ಸ್ಥಾವರದ ಚರಿತ್ರೆಯ ಒಂದು ಘಟ್ಟ

ಕುದುರೆಮುಖ ಗಣಿಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ಅರಣ್ಯ ಮತ್ತು ಭದ್ರಾ ನದಿಯ ಸುತ್ತ ನಡೆದಿದೆ. ಅದು ಸಹಜವೂ ಹೌದು. ಆದರೆ ಗಣಿ ಮುಚ್ಚಿದಾಗ ಘಟ್ಟದ ಕೆಳಗೆ, ಪಣಂಬೂರಿನ ಪೆಲೆಟ್ ಸ್ಥಾವರದಲ್ಲಿ ಉದ್ಭವಿಸಿದ ತಾಂತ್ರಿಕ ಸಮಸ್ಯೆಯೂ ಚರಿತ್ರಕಾರನ ಗಮನಕ್ಕೆ ಅರ್ಹವಾದುದು.

ಕುದುರೆಮುಖದ ಅದಿರನ್ನು 1913ರಲ್ಲಿ ಗುರುತಿಸಿದವರು ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್. ಅದು ಕೆಳದರ್ಜೆಯ ಮ್ಯಾಗ್ನಟೈಟ್. ಅರೆದು ಸಾರೀಕರಿಸಿದ ಹೊರತು ಅದಕ್ಕೆ ಬೆಲೆಯಿಲ್ಲ. ಅರೆದ ಹುಡಿಯನ್ನು ಹಾಗೆಯೇ ಊದುಕುಲುಮೆಗೆ ಸುರಿದರೆ ಅನಿಲದ ದಾರಿ ಕಟ್ಟುತ್ತದೆ. ಹುಡಿಯನ್ನು ಉಂಡೆಗಟ್ಟಿ ಸುಡುವ ಉಪಾಯಕ್ಕೆ ಸ್ವೀಡನ್ನಿನ ಎ. ಜಿ. ಆಂಡರ್ಸನ್ 1912ರಲ್ಲೇ ಪೇಟೆಂಟ್ ಪಡೆದಿದ್ದರೂ, ಅದು ದೊಡ್ಡ ಉದ್ಯಮವಾದದ್ದು 1950ರ ದಶಕದಲ್ಲಿ, ಅಮೆರಿಕದ ಮಿನ್ನೆಸೋಟದಲ್ಲಿ. ಇರಾನಿನೊಡನೆ 1975ರಲ್ಲಾದ ಒಪ್ಪಂದವನ್ನು ನೆಚ್ಚಿ 1976ರಲ್ಲಿ ಕುದುರೆಮುಖ ಕಂಪನಿ ಸ್ಥಾಪನೆಯಾಯಿತು. 1979ರ ಕ್ರಾಂತಿಯ ತರುವಾಯ ಆ ಗಿರಾಕಿ ಕೈತಪ್ಪಿತು. ವಾರ್ಷಿಕ 30 ಲಕ್ಷ ಟನ್ ಸಾಮರ್ಥ್ಯದ ಪೆಲೆಟ್ ಸ್ಥಾವರ 1987ರಲ್ಲಿ ಆರಂಭವಾಯಿತು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಪ್ರಾಥಮಿಕ ಅಧಿಸೂಚನೆ ಹೊರಬಿದ್ದದ್ದೂ ಅದೇ ವರ್ಷ.

ಸಾರೀಕೃತ ಅದಿರು ಸುಮಾರು 67 ಕಿ.ಮೀ. ಕೊಳವೆಯಲ್ಲಿ ನೀರಿನೊಡನೆ ಇಳಿದು ಬರುತ್ತಿತ್ತು. ನೀರು ಸೋಸಿದ ಮೇಲೆ ಉಂಡೆಗಟ್ಟುವಾಗ ತೇವಾಂಶ ಶೇ. 9ರ ಆಸುಪಾಸಿನಲ್ಲಿರಬೇಕು. ಕಡಿಮೆಯಾದರೆ ಉಂಡೆ ಬೆಳೆಯದು, ಹೆಚ್ಚಾದರೆ ಅಂಟಿ ಮುದ್ದೆಯಾಗುವುದು. ಅಂಟಿಗಾಗಿ ಬೆರೆಸುವ ಬೆಂಟೊನೈಟ್ ಜೇಡಿಯನ್ನು ಧಾರಾಳವಾಗಿ ಸುರಿಯುವಂತಿಲ್ಲ, ಅದರೊಡನೆ ಸಿಲಿಕವೂ ಸೇರುತ್ತದೆ. ಸುಡುವಾಗ ಮ್ಯಾಗ್ನಟೈಟ್ ಆಮ್ಲಜನಕವನ್ನು ಹೀರಿ ಹೆಮಟೈಟ್ ಆಗಿ, ಕಿಲೋಗ್ರಾಂಗೆ ಸುಮಾರು 500 ಕಿಲೋಜೂಲ್ ಶಾಖವನ್ನು ತಾನೇ ಬಿಡುತ್ತದೆ. ಉಂಡೆ ಒಳಗಿನಿಂದಲೂ ಬೇಯುವುದರಿಂದ ಇಂಧನ ಉಳಿಯುತ್ತದೆ. ಆದರೆ ಅವಸರದಲ್ಲಿ ಕಾಯಿಸಿದರೆ ಹೊರಚಿಪ್ಪು ಮೊದಲೇ ಬಿಗಿದು, ತಿರುಳು ಮ್ಯಾಗ್ನಟೈಟಾಗಿಯೇ ಉಳಿದು, ನಡುವೆ ಸುತ್ತುಬಿರುಕು ಮೂಡುತ್ತದೆ. ಹೊರನೋಟಕ್ಕೆ ಕಾಣದ ಈ ದೋಷ ಒತ್ತಡದ ಪರೀಕ್ಷೆಯಲ್ಲಷ್ಟೇ ಬಯಲಾಗುವುದು.

ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಆ ಬಳಿಕ ಸ್ಥಾವರ ಹೊರಗಿನ ಹೆಮಟೈಟ್ ಹುಡಿಯನ್ನು ಅವಲಂಬಿಸಬೇಕಾಯಿತು. ಛತ್ತೀಸಗಢದ ಬೈಲಾಡಿಲದ ಅದಿರು ರೈಲಿನಲ್ಲಿ ವಿಶಾಖಪಟ್ಟಣಕ್ಕೂ, ಅಲ್ಲಿಂದ ಹಡಗಿನಲ್ಲಿ ಮಂಗಳೂರಿಗೂ ಬಂತು. ಇದು ಕೇವಲ ಸರಬರಾಜಿನ ಬದಲಾವಣೆಯೆಂದು ಎಣಿಸುವುದು ತಪ್ಪು. ಹೆಮಟೈಟ್ ಆಗಲೇ ಪೂರ್ಣ ಉತ್ಕರ್ಷಿತ. ಸುಟ್ಟರೆ ಅದರಿಂದ ಶಾಖ ಹುಟ್ಟುವುದಿಲ್ಲ. ಬೇಕಾದ ಶಾಖವೆಲ್ಲ ಹೊರಗಿನಿಂದಲೇ ಬರಬೇಕು. ಉಂಡೆ ಗಟ್ಟಿಯಾಗಲು 1300 ಡಿಗ್ರಿ ಸೆಲ್ಸಿಯಸ್ ಸಮೀಪದ ತಾಪ ಅಗತ್ಯ. ಚಲಿಸುವ ಜಾಲರಿಯ ಮೇಲಿನ ಪದರ ಬೆಂದರೂ ಅಡಿಯ ಪದರ ಅರೆಬೆಂದು ಉಳಿಯುವ ಅಪಾಯವುಂಟು. ಮಿಶ್ರಣಕ್ಕೆ ತುಸು ಕೋಕ್ ಪುಡಿ ಸೇರಿಸಿ ಒಳಶಾಖ ಒದಗಿಸುವುದು ಹೆಮಟೈಟ್ ಪೆಲೆಟ್ ತಯಾರಿಕೆಯಲ್ಲಿ ರೂಢಿಯಲ್ಲಿರುವ ಪರಿಹಾರ. ಅದು ಮಿತಿಮೀರಿದರೆ ಒಳಭಾಗ ಅಪಕರ್ಷಣಗೊಂಡು ಉಂಡೆ ಸಡಿಲವಾಗುತ್ತದೆ. ಜಲಯುಕ್ತ ಖನಿಜ ಬೆರೆತ ಅದಿರಾದರಂತೂ ಒಣಗಿಸುವ ಹಂತದಲ್ಲೇ ಎಚ್ಚರ ಬೇಕು. ಹಬೆ ಹೊರಹೋಗಲು ಸಮಯ ಸಿಗದಿದ್ದರೆ ಉಂಡೆ ಸಿಡಿಯುತ್ತದೆ.

ಮ್ಯಾಗ್ನಟೈಟಿಗೆ ಹೊಂದಿಸಿದ ತಾಪಕ್ರಮ, ಜಾಲರಿಯ ವೇಗ, ಗಾಳಿಯ ಹರಿವು ಇವು ಯಾವುವೂ ಹೊಸ ಅದಿರಿಗೆ ಹಾಗೆಯೇ ಸಲ್ಲುವಂತಿರಲಿಲ್ಲ. ಕೊಳವೆಯಲ್ಲಿ ಅರೆದೇ ಬರುತ್ತಿದ್ದ ಅದಿರಿನ ಬದಲು ಹಡಗಿನಿಂದ ಇಳಿದ ಒರಟು ಹುಡಿಯನ್ನು ಮಂಗಳೂರಿನಲ್ಲಿಯೇ ಅರೆಯಬೇಕಾಯಿತು.