ಬಾಗಿಲು ಎಲ್ಲಿಂದ ಕೊಳೆಯುತ್ತೆ?

ಭಾಗ 1

ಮೊದಲ ಫೋಟೊ ಅಜ್ಜಿ ಮನೆಯ ಮುಂಬಾಗಿಲು. ತೀರ್ಥಹಳ್ಳಿ ಕಡೆಯದು, ಹಲಸಿನ ಮರದ್ದು, ಅಪ್ಪ ಹುಟ್ಟೋಕೆ ಮೊದಲೇ ಇತ್ತಂತೆ. ಎರಡನೇ ಫೋಟೊ ನಾವೀಗ ಇರೋ ಬಾಡಿಗೆ ಮನೆಯ ಬಚ್ಚಲ ಬಾಗಿಲು. ಹಾಕಿ ನಾಲ್ಕು ವರ್ಷ. ಕೆಳಗಿನ ಒಂದು ಗೇಣು ಪದರ ಪದರವಾಗಿ ಬಿಚ್ಚಿಕೊಂಡು ನೀರಲ್ಲಿ ನೆನೆದ ಹಪ್ಪಳದ ಹಾಗಾಗಿದೆ.

ನಾವು ಮನೆ ಕಟ್ಟಿಸ್ತಿದೀವಿ. ಅಜ್ಜಿ ಮನೆ ಬಿಚ್ಚಿದಾಗ ಆ ಬಾಗಿಲನ್ನ ಮಾರದೆ ಇಟ್ಟುಕೊಂಡಿದ್ವಿ. ಹೊಸ ಮನೆಗೂ ಅದೇ ಮುಂಬಾಗಿಲು ಆಗಬೇಕು ಅಂತ ಅಪ್ಪನ ಆಸೆ. ಆಚಾರ್ರು ಬಂದು ಪ್ಲಾನ್ ನೋಡಿ, "ಬೇಡ ಯಜಮಾನ್ರೇ, ಈ ಮನೆಗೆ ಹಾಕಿದ್ರೆ ನಾಲ್ಕು ಮಳೆಗಾಲ ತಡೆಯಲ್ಲ" ಅಂದುಬಿಟ್ಟರು. ಅಪ್ಪನ ಮುಖ ಸಪ್ಪಗಾಯ್ತು. ನನಗೂ ತಲೆಗೆ ಹುಳ ಬಿಟ್ಟ ಹಾಗಾಯ್ತು. ಅಷ್ಟೊಂದು ಮಳೆಗಾಲ ಕಂಡ ಬಾಗಿಲು ಈಗ್ಯಾಕೆ ತಡೆಯಲ್ಲ?

ಹಿಸ್ಟರಿ ಓದೋರ ಹತ್ರ ಇಂಥ ಪ್ರಶ್ನೆ ಬಂದ್ರೆ ಉತ್ತರ ಉದ್ದ ಆಗುತ್ತೆ. ಸಹಿಸಿಕೊಳ್ಳಿ.

ಭಾಗ 2

ಮನೆ ಕಟ್ಟಿಸೋರೆಲ್ಲ ಮೊದಲು ಕೇಳೋದು "ಯಾವ ಮರ?" ಅಂತ. ಈ ಪ್ರಶ್ನೆಯನ್ನ ಸ್ವಿಟ್ಜರ್ಲೆಂಡಿನ ಒಂದು ಬಾಗಿಲು ತಲೆಕೆಳಗೆ ಮಾಡುತ್ತೆ.

2010ರಲ್ಲಿ ಜ್ಯೂರಿಕ್ ನಗರದ ಆಪೆರಾ ಹೌಸ್ ಹತ್ರ ನೆಲದಡಿ ಪಾರ್ಕಿಂಗ್ ಕಟ್ಟೋಕೆ ಅಗೆಯುವಾಗ ಒಂದು ಮರದ ಬಾಗಿಲು ಸಿಕ್ತು. ಎತ್ತರ ಸುಮಾರು ಒಂದೂವರೆ ಮೀಟರ್. ಮರದ ಬೆಳವಣಿಗೆಯ ಉಂಗುರಗಳನ್ನ ಲೆಕ್ಕ ಹಾಕಿ ಅದು ಸುಮಾರು ಕ್ರಿ.ಪೂ. 3063ರದ್ದು ಅಂದರು. ಅಂದ್ರೆ ಐದು ಸಾವಿರ ವರ್ಷ! ಹಲಗೆಗಳ ಜೋಡಣೆಯೂ ಇದೆ, ತಿರುಗೋಕೆ ಮಾಡಿದ ತಿರುಗುಣಿಯೂ ಉಳಿದಿದೆ.

ಮರ ಯಾವುದು ಗೊತ್ತಾ? ಪಾಪ್ಲರ್. ನಮ್ಮ ದೇಶದಲ್ಲಿ ಬೆಂಕಿಕಡ್ಡಿಗೂ ಪ್ಲೈವುಡ್ಡಿಗೂ ಬಳಸೋ ಮೆತ್ತನೆ ಮರ. ಹೊರಗೆ ಬಿಸಿಲು ಮಳೆಗೆ ಬಿಟ್ಟರೆ ಕೆಲವೇ ವರ್ಷದಲ್ಲಿ ಮಣ್ಣಾಗುತ್ತೆ. ಅದು ಉಳಿದದ್ದು ಕೆರೆಯಂಚಿನ ಕೆಸರಲ್ಲಿ ಹೂತು, ಗಾಳಿ ತಾಕದೆ, ಯಾವಾಗಲೂ ಒದ್ದೆಯಾಗೇ ಇದ್ದದ್ದಕ್ಕೆ. ಮರವನ್ನ ತಿನ್ನೋ ಶಿಲೀಂಧ್ರಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಎರಡರಲ್ಲಿ ಒಂದು ತಪ್ಪಿಸಿದರೂ ಮರ ಬದುಕುತ್ತೆ.

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಇನ್ನೊಂದಿದೆ, 1050ರ ದಶಕದ ಓಕ್ ಬಾಗಿಲು. ಬ್ರಿಟನ್ನಿನಲ್ಲಿ ಉಳಿದಿರೋ ಅತಿ ಹಳೇದು ಅಂತ ಅದಕ್ಕೆ ಹೆಸರು. ಅದು ಇರೋದು ಕಟ್ಟಡದ ಒಳಗಡೆ, ಮಳೆ ಬೀಳದ ಕಡೆ. ಒಂದು ಬಾಗಿಲು ಪೂರ್ತಿ ಒದ್ದೆ, ಇನ್ನೊಂದು ಪೂರ್ತಿ ಒಣ. ಎರಡೂ ಉಳಿದವು. ಸಾಯೋದು ಇವತ್ತು ನೆನೆದು ನಾಳೆ ಒಣಗಿ ಮತ್ತೆ ನೆನೆಯೋ ಬಾಗಿಲು. ನಮ್ಮ ಬಚ್ಚಲ ಬಾಗಿಲು ಅದೇ ಜಾತಿ.

ಭಾಗ 3

ಈಗ ನಮ್ಮೂರ ಕಡೆ ಬನ್ನಿ. ಹಂಪಿಗೆ ಟ್ರಿಪ್ ಹೋದಾಗ ಮಹಾನವಮಿ ದಿಬ್ಬದ ಹತ್ತಿರ ನೆಲದ ಮೇಲೆ ಮಲಗಿಸಿರೋ ಕಲ್ಲಿನ ಬಾಗಿಲು ನೋಡಿದ್ರಲ್ಲ? ಅರ್ಧ ಜನ ಅದರ ಪಕ್ಕ ನಿಂತು ಸೆಲ್ಫಿ ತಗೊಂಡು ಮುಂದೆ ಹೋದ್ರಿ. ಸ್ವಲ್ಪ ಬಗ್ಗಿ ನೋಡಬೇಕಿತ್ತು. ಇಡೀ ಕಲ್ಲಲ್ಲಿ ಕಡೆದಿದ್ದರೂ ಕೆತ್ತನೆಯೆಲ್ಲ ಮರದ ಬಾಗಿಲಿನದೇ ಅನುಕರಣೆ. ಕಲ್ಲುಕುಟಿಗನ ಕಣ್ಣ ಮುಂದೆ ಬಡಗಿ ಮಾಡಿದ ಬಾಗಿಲೊಂದು ಇದ್ದಿರಲೇಬೇಕು.

ಆ ಬಡಗಿಯ ಬಾಗಿಲುಗಳೆಲ್ಲಿ? ಒಂದೂ ಇಲ್ಲ ಅನ್ನಬಹುದು. 1565ರ ಯುದ್ಧದ ನಂತರದ ಲೂಟಿ, ಬೆಂಕಿ, ಆಮೇಲೆ ನಾಲ್ಕೂವರೆ ಶತಮಾನದ ಬಿಸಿಲು, ಮಳೆ, ಗೆದ್ದಲು. ಅರಮನೆಗಳ ಕಲ್ಲಿನ ಪೀಠ ಉಳೀತು, ಮೇಲಿದ್ದ ಮರ ಹೋಯ್ತು. ಆದರೂ ಹಳೇ ದೇವಸ್ಥಾನಗಳಲ್ಲಿ ಬಾಗಿಲವಾಡದ ಮೂಲೆ ಹುಡುಕಿ. ಹೊಸ್ತಿಲ ಹಿಂದೆ ಒಂದು ದುಂಡನೆ ಗುಳಿ ಇರುತ್ತೆ, ಮೇಲೂ ಅದಕ್ಕೆ ಸರಿಯಾಗಿ ಇನ್ನೊಂದು. ಬಾಗಿಲಿನ ತಿರುಗುಣಿ ಕೂರೋ ಜಾಗ ಅದು. ಆಗ ಹಿಂಜಸ್ಸು, ಸ್ಕ್ರೂ ಇರಲಿಲ್ಲ. ಬಾಗಿಲಿನ ಅಷ್ಟೂ ಭಾರ ಕೆಳಗಿನ ಕಲ್ಲಿನ ಮೇಲೆ ಕೂರುತ್ತಿತ್ತು, ಚೌಕಟ್ಟಿನ ಮೇಲೆ ಜೋತು ಬೀಳುತ್ತಿರಲಿಲ್ಲ. ನೀರು, ಭಾರ, ಗೆದ್ದಲು ಮೂರೂ ತಾಕೋ ಕಡೆ ಕಲ್ಲು, ಕೈ ಮುಟ್ಟೋ ಕಡೆ ಮರ. ನನಗೆ ಇದು ಕೆತ್ತನೆಗಿಂತ ದೊಡ್ಡ ಬುದ್ಧಿವಂತಿಕೆ ಅನ್ಸುತ್ತೆ.

ಇವತ್ತು ಬಚ್ಚಲಿಗೆ ಗ್ರಾನೈಟ್ ಫ್ರೇಮ್ ಕೂರಿಸ್ತಾರಲ್ಲ, ಅದು ಹೊಸ ಫ್ಯಾಷನ್ ಅಂದ್ಕೋಬೇಡಿ. ಕಲ್ಲಿನ ಬಾಗಿಲವಾಡವೇ ವಾಪಸ್ ಬಂದಿದೆ.

ಭಾಗ 4

ಮರದ ಹೆಸರಿಗೆ ಮೋಸ ಹೋದ ಕಥೆ ಒಂದು ಹೇಳಲೇಬೇಕು, ಯಾಕಂದ್ರೆ ಇದರಲ್ಲಿ ಮೋಸ ಹೋದವರು ಭಾರತದ ಗವರ್ನರ್ ಜನರಲ್.

1842, ಮೊದಲ ಆಫ್ಘನ್ ಯುದ್ಧ. ಬ್ರಿಟಿಷರು ಭಾರೀ ಏಟು ತಿಂದಿದ್ದರು. ಲಾರ್ಡ್ ಎಲೆನ್‌ಬರೋ ಮಾನ ಉಳಿಸಿಕೊಳ್ಳೋಕೆ ಘಜ್ನಿಯಲ್ಲಿ ಮಹಮೂದನ ಗೋರಿಯ ಬಾಗಿಲುಗಳನ್ನ ಕಿತ್ತು ತರಿಸಿದರು. ಎಂಟು ನೂರು ವರ್ಷದ ಹಿಂದೆ ಸೋಮನಾಥದಿಂದ ಹೊತ್ತೊಯ್ದ ಗಂಧದ ಬಾಗಿಲುಗಳು ಇವೇ, ಅವಮಾನಕ್ಕೆ ಸೇಡು ತೀರಿತು ಅಂತ ಘೋಷಣೆ ಹೊರಡಿಸಿದರು, ಮೆರವಣಿಗೆ ಮಾಡಿಸಿದರು. ಆಮೇಲೆ ತಿಳಿದವರು ಪರೀಕ್ಷೆ ಮಾಡಿ ನೋಡಿದರೆ ಮರ ಗಂಧವಲ್ಲ, ದೇವದಾರು. ಕೆತ್ತನೆಯೂ ಗುಜರಾತಿನದಲ್ಲ. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ನಗೆಪಾಟಲಾಯಿತು. ಬಾಗಿಲುಗಳು ಆಗ್ರಾ ಕೋಟೆ ದಾಟಿ ಮುಂದೆ ಹೋಗಲೇ ಇಲ್ಲ, ಈಗಲೂ ಅಲ್ಲೇ ಇವೆ.

ನಮ್ಮ ಕಡೆಯವರನ್ನ ಯಾರನ್ನಾದ್ರೂ ಕೇಳಿದ್ದರೆ ಅವತ್ತೇ ಹೇಳ್ತಿದ್ದರು. ಗಂಧದ ಮರ ಅಷ್ಟು ದಪ್ಪ ಬೆಳೆಯೋದೇ ಅಪರೂಪ, ಕೋಟೆ ಬಾಗಿಲಿನ ಅಳತೆಯ ಹಲಗೆ ಎಲ್ಲಿಂದ ಬರಬೇಕು?

ಇವತ್ತಿನ ಟಿಂಬರ್ ಯಾರ್ಡಿನಲ್ಲೂ ಅದೇ ಕಥೆ. "ತೇಗ ಸಾರ್" ಅಂತಾರೆ, ನಾವು ತಲೆ ಆಡಿಸ್ತೀವಿ. ತೇಗದಲ್ಲಿ ಗೆದ್ದಲಿಗೆ ಬಗ್ಗದೇ ಇರೋದು ಮಧ್ಯದ ಚೇಗು ಮಾತ್ರ. ಅದರೊಳಗಿನ ಸಹಜ ಎಣ್ಣೆ, ರಾಸಾಯನಿಕಗಳೇ ಕಾವಲು. ಸುತ್ತಲಿನ ತೆಳು ಬಣ್ಣದ ಮರವನ್ನ ಗೆದ್ದಲು ಬೇರೆ ಮರದ ಹಾಗೇ ತಿನ್ನುತ್ತೆ. ಬೇಗ ಕಡಿದ ಎಳೆ ಮರದಲ್ಲಿ ಈ ಬಿಳಿ ಭಾಗವೇ ಜಾಸ್ತಿ. ಪಾಲಿಶ್ ಹೊಡೆದ ಮೇಲೆ ಎರಡೂ ಒಂದೇ ಬಣ್ಣ. ಅದಕ್ಕೇ ಪಾಲಿಶ್ ಆಗೋಕೆ ಮುಂಚೆ ಹೋಗಿ ನೋಡಬೇಕು.

ಭಾಗ 5

ಹಳೇ ಬಾಗಿಲುಗಳಲ್ಲಿ ಅಂಕಣ ಅಂಕಣ ಯಾಕಿರುತ್ತೆ? ಅಂದಕ್ಕೆ ಅಂತ ನಾನೂ ಅಂದ್ಕೊಂಡಿದ್ದೆ.

ಮರ ಕಡಿದ ಮೇಲೂ ಉಸಿರಾಡುತ್ತೆ. ಆಷಾಢದಲ್ಲಿ ತೇವ ಹೀರಿ ಹಿಗ್ಗುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ. ಉದ್ದಕ್ಕೆ ಬಹುತೇಕ ಇಲ್ಲ, ಎಲ್ಲಾ ಅಗಲಕ್ಕೇ. ಮೂರು ಅಡಿ ಅಗಲದ ಹಲಗೆಯನ್ನ ಸುತ್ತ ಬಿಗಿಯಾಗಿ ಜಡಿದರೆ ಒಂದೋ ಸೀಳುತ್ತೆ, ಇಲ್ಲಾ ಡೊಂಕಾಗುತ್ತೆ. ಅದಕ್ಕೆ ಬಡಗಿಗಳು ಕಿರಿದಾದ ಪಟ್ಟಿಗಳಿಂದ ಚೌಕಟ್ಟು ಮಾಡಿ, ಒಳಗೆ ಗಾಡಿ ಕೊರೆದು, ಹಲಗೆಯನ್ನ ಆ ಗಾಡಿಯಲ್ಲಿ ಸಡಿಲವಾಗಿ ಕೂರಿಸ್ತಾರೆ. ಗೋಂದು ಹಾಕಲ್ಲ, ಮೊಳೆ ಹೊಡೆಯಲ್ಲ. ಹಲಗೆ ತನ್ನ ಪಾಡಿಗೆ ಹಿಗ್ಗಿ ಕುಗ್ಗುತ್ತೆ, ಬಾಗಿಲಿನ ಅಳತೆ ಮಾತ್ರ ಬದಲಾಗಲ್ಲ. ಅಜ್ಜಿ ಮನೆ ಬಾಗಿಲಿನ ಹಲಗೆಯನ್ನ ಅಂಗೈಯಿಂದ ಒತ್ತಿದರೆ ಸ್ವಲ್ಪ ಅಲುಗಾಡುತ್ತೆ. ಹಳೇದಾಗಿ ಸಡಿಲಾಗಿದೆ ಅಂದ್ಕೊಂಡಿದ್ದೆ. ಅಲ್ಲ, ಮಾಡಿದ್ದೇ ಹಾಗೆ.

ಭಾಗ 6

ಇಪ್ಪತ್ತನೇ ಶತಮಾನದಲ್ಲಿ ಪ್ಲೈವುಡ್ ಬಂತು, ಅದರ ಜೊತೆ ಫ್ಲಶ್ ಡೋರ್. ತೆಳು ಪದರಗಳನ್ನ ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿದರೆ ಒಂದರ ಹಿಗ್ಗುವಿಕೆಯನ್ನ ಇನ್ನೊಂದು ಹಿಡಿದಿಡುತ್ತೆ. ಒಳ್ಳೇ ಉಪಾಯ, ಕಡಿಮೆ ಖರ್ಚು. ರೂಮಿನ ಬಾಗಿಲಿಗೆ ನಾನು ಇದನ್ನ ಬೈಯಲ್ಲ. ಐಎಸ್ 2202 ಗುರುತು ಇರೋ, ಒಳಗೆ ಗಟ್ಟಿ ಮರ ತುಂಬಿದ ಬಾಗಿಲು ಒಣ ಜಾಗದಲ್ಲಿ ಚೆನ್ನಾಗಿ ಬಾಳುತ್ತೆ.

ಆದರೆ ಇದರ ಪ್ರಾಣ ಇರೋದು ಅಂಟಿನಲ್ಲಿ. ಮರೀನ್ ಪ್ಲೈವುಡ್ಡಿನ ಐಎಸ್ 710 ಪರೀಕ್ಷೆಯಲ್ಲಿ ತುಂಡನ್ನ 72 ಗಂಟೆ ಕುದಿಸ್ತಾರೆ, ಪದರ ಬಿಡಬಾರದು. ಅಗ್ಗದ ಅಂಟು ಅಷ್ಟು ಹೊತ್ತೆಲ್ಲ ತಡೆಯಲ್ಲ. ಇನ್ನೊಂದು ಸಮಸ್ಯೆ ನಾವೇ ಮಾಡ್ಕೊಳ್ಳೋದು. ಟೈಲ್ಸ್ ಹಾಕಿದ ಮೇಲೆ ಬಾಗಿಲು ನೆಲಕ್ಕೆ ಉಜ್ಜುತ್ತೆ, ಕೆಳಗೆ ಅರ್ಧ ಇಂಚು ಕೊಯ್ದು ಹಾಗೇ ನೇತು ಹಾಕ್ತಾರೆ. ಆ ಕೊಯ್ದ ಅಂಚಿಗೆ ಯಾರೂ ಪೇಂಟ್ ಹೊಡೆಯಲ್ಲ, ಯಾಕಂದ್ರೆ ಅದು ಯಾರಿಗೂ ಕಾಣಲ್ಲ. ದಿನಾ ನೆಲ ಒರೆಸೋ ನೀರು ಮೇಲೇರೋದು ಅಲ್ಲಿಂದಲೇ. ಬಾಡಿಗೆ ಮನೆ ಬಾಗಿಲನ್ನ ಕಳಚಿ ತಿರುಗಿಸಿ ನೋಡಿದೆ, ಮೂರನೇ ಫೋಟೊ: ಹಸಿ ಮರ, ಒಂದು ಹನಿ ಬಣ್ಣ ಇಲ್ಲ. ಹಳೇ ಮನೆಗಳಲ್ಲಿ ಬಚ್ಚಲ ಬಾಗಿಲ ಕೆಳಗೆ ಅಲ್ಯೂಮಿನಿಯಂ ತಗಡು ಹೊಡೀತಿದ್ರಲ್ಲ, ನೋಡೋಕೆ ಕೆಟ್ಟದಾಗಿದ್ರೂ ಕೆಲಸ ಸರಿಯಾದ ಜಾಗದಲ್ಲೇ ಆಗ್ತಿತ್ತು. ಹೊಸ ಮನೆಯ ಬಚ್ಚಲಿಗೆ ಪಿವಿಸಿ ಬೆರೆತ ಡಬ್ಲ್ಯೂಪಿಸಿ ಬಾಗಿಲು, ಗ್ರಾನೈಟ್ ಫ್ರೇಮ್. ಅದರ ಬಗ್ಗೆ ಮನೇಲಿ ಜಗಳ ಇಲ್ಲ.

ಭಾಗ 7

ಜಗಳ ಇರೋದು ಮುಂಬಾಗಿಲಿಗೆ.

ಅಜ್ಜಿ ಮನೆಯ ಹಳೇ ಫೋಟೊ ಒಂದು ಸಿಕ್ತು, ಕೊನೇ ಸ್ಲೈಡ್ ನೋಡಿ. ಮಾಡಿನ ಸೂರು ಎಷ್ಟು ಕೆಳಗೆ ಇಳಿದಿದೆ ಅಂದ್ರೆ ದೊಡ್ಡವರು ತಲೆ ಬಗ್ಗಿಸಿ ಬರಬೇಕು. ಅಲ್ಲಿಂದ ಒಳಗೆ ಜಗಲಿ. ಜಗಲಿ ದಾಟಿದ ಮೇಲೆ ಬಾಗಿಲು, ಅದರ ಬುಡಕ್ಕೆ ಎತ್ತರದ ಹೊಸ್ತಿಲು. ಎರಚಲು ಬಂದರೂ ಜಗಲಿ ಅಂಚು ನೆನೀತಿತ್ತು ಅಷ್ಟೇ. ಅಂದ್ರೆ ಆ ಮುಂಬಾಗಿಲು ಒಂದು ಮಳೆಗಾಲವನ್ನೂ ಮೈಮೇಲೆ ಕಂಡೇ ಇಲ್ಲ! ಲೆಕ್ಕಕ್ಕೆ ಹೊರಬಾಗಿಲು, ಬಾಳಿದ್ದು ಒಳಬಾಗಿಲಿನ ಹಾಗೆ.

ನಮ್ಮ ಹೊಸ ಪ್ಲಾನಿನಲ್ಲಿ ಎಲಿವೇಶನ್ ಚಂದ ಕಾಣಲಿ ಅಂತ ಮುಂದೆ ಚಪ್ಪಟೆ ಗೋಡೆ, ಬಾಗಿಲ ಮೇಲೆ ಒಂದು ಅಡಿ ಚಜ್ಜಾ. ಪಶ್ಚಿಮಕ್ಕೆ ಮುಖ, ಅಂದ್ರೆ ಮುಂಗಾರು ನೇರ ಬಾಗಿಲಿಗೇ ಬಡಿಯುತ್ತೆ, ಮಧ್ಯಾಹ್ನ ಬಿಸಿಲೂ ಅಲ್ಲೇ. ಆಚಾರ್ರು ಬೈದದ್ದು ಹಲಸಿನ ಮರವನ್ನಲ್ಲ, ನಮ್ಮ ಪ್ಲಾನನ್ನ. ಅಲ್ಲಿಗೆ ಬರ್ಮಾ ತೇಗ ತಂದು ಹಾಕಿದ್ರೂ ಪಾಲಿಶ್ ಏಳುತ್ತೆ, ಹಲಗೆ ಬಿರುಕು ಬಿಡುತ್ತೆ.

ಇದನ್ನ ಅಪ್ಪನಿಗೆ ಹೇಳಿದೆ. ಮೊದಲು "ಹಿಸ್ಟರಿ ಓದಿ ಇಂಜಿನಿಯರ್ ಆದ್ಯಾ" ಅಂದರು. ಆಮೇಲೆ ಸುಮ್ಮನೆ ಫೋಟೊ ಝೂಮ್ ಮಾಡಿ ಸೂರು ನೋಡ್ತಾ ಕೂತರು. ನಿನ್ನೆ ಮೇಸ್ತ್ರಿಗೆ ಫೋನ್ ಮಾಡಿ, ಮುಂದೆ ನಾಲ್ಕಡಿ ಸಿಟೌಟ್ ಬಿಟ್ಟು ಮೇಲೆ ಹೆಂಚಿನ ಇಳಿಮಾಡು ಮಾಡಿದ್ರೆ ಎಷ್ಟಾಗುತ್ತೆ ಅಂತ ಕೇಳಿದ್ದಾರೆ. ಲೆಕ್ಕ ಇನ್ನೂ ಬಂದಿಲ್ಲ. ಸೋಮವಾರ ಸೆಂಟ್ರಿಂಗ್ ಶುರು, ಅಷ್ಟರಲ್ಲಿ ತೀರ್ಮಾನ ಆಗಬೇಕು. ಬಾಗಿಲು ಸದ್ಯಕ್ಕೆ ದೊಡ್ಡಪ್ಪನ ಕೊಟ್ಟಿಗೆಯಲ್ಲಿ ಇಟ್ಟಿಗೆ ಮೇಲೆ ನಿಂತಿದೆ, ನೆಲಕ್ಕೆ ತಾಕದ ಹಾಗೆ.

ನಿಮ್ಮ ಮನೆ ಬಾಗಿಲಿನ ಕೆಳ ಅಂಚಿನ ಫೋಟೊ ಕಳಿಸಿ. ಮುಂಭಾಗ ಬೇಡ, ಕೆಳ ಅಂಚೇ ಬೇಕು.