ಎಂಬತ್ತೆಂಟು ವರ್ಷ ನಡೆದ ಒಂದು ಮೀಟಿಂಗು

ಕ್ವೇಕರ್ ಓಟ್ಸ್ ಪ್ಯಾಕೆಟ್ಟಿನ ಮೇಲೆ ಅಗಲ ಹ್ಯಾಟು ಹಾಕಿಕೊಂಡು, ಬಿಳಿಗೂದಲು ಇಳಿಬಿಟ್ಟು ನಗ್ತಾ ಇರೋ ಅಜ್ಜನನ್ನು ನೋಡಿರುತ್ತೀರಿ. ಆ ಕಂಪನಿಗೂ ಕ್ವೇಕರ್ ಪಂಥಕ್ಕೂ ಸಂಬಂಧವೇನೂ ಇಲ್ಲ. ಕ್ವೇಕರರು ಅಂದರೆ ಸುಳ್ಳು ಹೇಳದವರು, ತೂಕದಲ್ಲಿ ಮೋಸ ಮಾಡದವರು ಅಂತ ಹೆಸರಿತ್ತು. ಆ ಹೆಸರನ್ನು 1877ರಲ್ಲಿ ಒಬ್ಬರು ಟ್ರೇಡ್‌ಮಾರ್ಕ್ ಮಾಡಿಕೊಂಡರು, ಅಷ್ಟೆ. ನಾನು ಹೇಳಹೊರಟಿರೋದು ಅಸಲಿ ಕ್ವೇಕರರ ಕತೆ. ಮನುಷ್ಯರನ್ನು ಕೊಳ್ಳೋದು, ಮಾರೋದು ತಪ್ಪು ಅಂತ ತೀರ್ಮಾನಿಸೋಕೆ ಈ ಪ್ರಾಮಾಣಿಕರು ಎಷ್ಟು ವರ್ಷ ತಗೊಂಡರು ಅನ್ನೋ ಕತೆ.

ಮೊದಲು ಇವರ ಮೀಟಿಂಗ್ ಹೇಗಿರುತ್ತೆ ಅನ್ನೋದನ್ನ ತಿಳ್ಕೊಬೇಕು. 17ನೇ ಶತಮಾನದ ಮಧ್ಯದಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಮತ್ತು ಗೆಳೆಯರಿಂದ ಶುರುವಾದ ಪಂಥ ಇದು. ಪಾದ್ರಿ ಇಲ್ಲ, ಪ್ರವಚನ ಇಲ್ಲ. ಎಲ್ಲರೂ ಬೆಂಚುಗಳ ಮೇಲೆ ಸುಮ್ಮನೆ ಕೂರುತ್ತಾರೆ. ಒಳಗಿನಿಂದ ಮಾತು ಬಂದವರು ಎದ್ದು ಹೇಳುತ್ತಾರೆ. ಸಂಘದ ವ್ಯವಹಾರವೂ ಹೀಗೇ. ವೋಟು ಹಾಕೋದಿಲ್ಲ. ಕ್ಲರ್ಕ್ ಒಬ್ಬರು ಎಲ್ಲರ ಮಾತು ಕೇಳಿ, ಸಭೆಯ ಒಟ್ಟು ಮನಸ್ಸು ಯಾವ ಕಡೆಗಿದೆ ಅಂತ ಗ್ರಹಿಸಿ ನಡಾವಳಿ ಬರೆದು ಓದುತ್ತಾರೆ. ಸಭೆ ಒಪ್ಪಿದರೆ ಅದೇ ತೀರ್ಮಾನ. ಒಪ್ಪದಿದ್ದರೆ ವಿಷಯ ಮುಂದಿನ ಸಭೆಗೆ. ಊರಿನ ಮಾಸಿಕ ಸಭೆ, ಅದರ ಮೇಲೆ ತ್ರೈಮಾಸಿಕ ಸಭೆ, ಎಲ್ಲದರ ಮೇಲೆ ವಾರ್ಷಿಕ ಸಭೆ. ಕೇಳೋಕೆ ಬಲು ಚೆಂದ. ಬಹುಮತದ ದಬ್ಬಾಳಿಕೆ ಇಲ್ಲ, ಯಾರೂ ಸೋಲೋದಿಲ್ಲ.

ಈಗ 1688ಕ್ಕೆ ಬನ್ನಿ. ಜಾಗ ಫಿಲಡೆಲ್ಫಿಯಾ ಪಕ್ಕದ ಜರ್ಮನ್‌ಟೌನ್. ಪೆನ್ಸಿಲ್ವೇನಿಯಾ ಅನ್ನೋ ವಸಾಹತನ್ನು ಕಟ್ಟಿದವನೇ ವಿಲಿಯಂ ಪೆನ್ ಅನ್ನೋ ಕ್ವೇಕರ್. ಸಹಿಷ್ಣುತೆಗೆ ಹೆಸರಾದವನು; ಅವನ ಹತ್ತಿರವೂ ಗುಲಾಮರಿದ್ದರು. ಜರ್ಮನ್‌ಟೌನಿನಲ್ಲಿ ಇದ್ದವರು ಯೂರೋಪಿನಲ್ಲಿ ಧರ್ಮದ ಕಾರಣಕ್ಕೆ ಕಿರುಕುಳ ತಿಂದು ಬಂದ ಡಚ್, ಜರ್ಮನ್ ಭಾಷೆಯ ಜನ, ಬಹಳಷ್ಟು ನೇಕಾರರು. ಅವರಲ್ಲಿ ನಾಲ್ಕು ಜನ, ಫ್ರಾನ್ಸಿಸ್ ಡೇನಿಯಲ್ ಪಾಸ್ಟೋರಿಯಸ್, ಗ್ಯಾರೆಟ್ ಹೆಂಡ್ರಿಕ್ಸ್ ಮತ್ತು ಓಪ್ ಡೆನ್ ಗ್ರಾಫ್ ಮನೆತನದ ಡೆರಿಕ್, ಅಬ್ರಹಾಂ, ಒಂದು ಅರ್ಜಿ ಬರೆದರು. ನಮ್ಮನ್ನು ಯಾರಾದರೂ ಹೀಗೆ ಹಿಡಿದು ಮಾರಿದರೆ ನಮಗೆ ಹೇಗನಿಸುತ್ತೆ? ಈ ಜನ ತಮ್ಮ ಬಿಡುಗಡೆಗೋಸ್ಕರ ತಿರುಗಿಬಿದ್ದರೆ, ಯುದ್ಧ ಮಾಡೋದಿಲ್ಲ ಅಂತ ಹೇಳಿಕೊಳ್ಳೋ ನಾವು ಕತ್ತಿ ಹಿಡೀತೀವಾ? ಅವರನ್ನು ಗುಲಾಮರಾಗಿ ಇಟ್ಟುಕೊಳ್ಳೋಕೆ ನಮಗಿರೋ ಹಕ್ಕಿನಷ್ಟೇ ಹಕ್ಕು, ಬಿಡುಗಡೆಗಾಗಿ ಹೋರಾಡೋಕೆ ಅವರಿಗಿಲ್ಲವಾ? ಇಷ್ಟು ನೇರವಾಗಿ ಕೇಳಿದ್ದರು.

ಮಾಸಿಕ ಸಭೆ ಓದಿತು. ವಿಷಯ ತುಂಬಾ ತೂಕದ್ದು, ನಮ್ಮ ಮಟ್ಟದಲ್ಲಿ ಆಗೋದಲ್ಲ ಅಂತ ತ್ರೈಮಾಸಿಕ ಸಭೆಗೆ ಕಳಿಸಿತು. ಅವರೂ ಅದನ್ನೇ ಹೇಳಿ ವಾರ್ಷಿಕ ಸಭೆಗೆ ಕಳಿಸಿದರು. ವಾರ್ಷಿಕ ಸಭೆ, ಇದು ಬೇರೆ ಬೇರೆ ಕಡೆಯವರಿಗೂ ಸಂಬಂಧಪಟ್ಟ ವಿಷಯ, ನಾವು ತೀರ್ಪು ಕೊಡೋದು ಸರಿಯಲ್ಲ ಅಂತ ಪಕ್ಕಕ್ಕಿಟ್ಟಿತು. ಎಸ್ಕಲೇಷನ್ ಅಂದರೆ ಏನು ಅಂತ ಆಫೀಸಿನಲ್ಲಿ ಕಲಿತವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಯಾರೂ 'ಇಲ್ಲ' ಅನ್ನಲಿಲ್ಲ. ಕಡತ ಮಾತ್ರ ಮುಚ್ಚಿತು.

ಮುಂದಿನ ಐವತ್ತು ವರ್ಷ ಇದೇ ರಾಗ. 1696ರಲ್ಲಿ, ಹೊಸದಾಗಿ ಗುಲಾಮರನ್ನು ತರಿಸಬೇಡಿ ಅಂತ ಒಂದು ಸಲಹೆ ಹೊರಬಿತ್ತು. ಸಲಹೆ ಅಷ್ಟೆ, ಮೀರಿದರೆ ಶಿಕ್ಷೆ ಇಲ್ಲ. ಕಾರಣ ಹುಡುಕೋಕೆ ದೂರ ಹೋಗಬೇಕಿಲ್ಲ. ಸಂಘದ ಮುಂದಿನ ಬೆಂಚುಗಳಲ್ಲಿ ಕೂರುತ್ತಿದ್ದ ಎಷ್ಟೋ ಜನ ದೊಡ್ಡ ವ್ಯಾಪಾರಿಗಳು, ಜಮೀನುದಾರರು. ಅವರಿಗೆ ಗುಲಾಮರಿದ್ದರು. ಸಂಘದವರು ಏನನ್ನು ಅಚ್ಚು ಹಾಕಿಸಬಹುದು ಅಂತ ನೋಡೋ ಸಮಿತಿಯೂ ಇಂಥವರ ಕೈಯಲ್ಲೇ ಇತ್ತು. ಎಲ್ಲರೂ ಒಪ್ಪಬೇಕು ಅನ್ನೋ ನಿಯಮ ಇರೋ ಕಡೆ, ಒಪ್ಪಿದರೆ ನಷ್ಟ ಆಗುವವನ ಕೈಗೆ ಬೀಗದ ಕೈ ಕೊಟ್ಟ ಹಾಗೆ.

ಬೆಂಜಮಿನ್ ಲೇ ಅನ್ನೋ ಮನುಷ್ಯ ಈ ಬೀಗ ಒಡೆಯೋಕೆ ಹೋದವನು. ನಾಲ್ಕು ಅಡಿ ಎತ್ತರದ, ಬೆನ್ನು ಗೂನಾದ ಆಳು. ಇಂಗ್ಲೆಂಡಿನಲ್ಲಿ ಹುಟ್ಟಿ, ಹಡಗಿನಲ್ಲಿ ದುಡಿದು, ಬಾರ್ಬಡೋಸಿನಲ್ಲಿ ಅಂಗಡಿ ಇಟ್ಟಿದ್ದವನು. ಕಬ್ಬಿನ ತೋಟಗಳಲ್ಲಿ ಗುಲಾಮರು ಹಸಿವಿನಿಂದ, ಏಟಿನಿಂದ ಸಾಯೋದನ್ನ ಅಲ್ಲೇ ಕಣ್ಣಾರೆ ಕಂಡಿದ್ದ. 1732ರಲ್ಲಿ ಹೆಂಡತಿ ಸಾರಾ ಜೊತೆ ಫಿಲಡೆಲ್ಫಿಯಾಗೆ ಬಂದ. ಗುಲಾಮರ ದುಡಿಮೆಯಿಂದ ಬಂದ ಯಾವುದನ್ನೂ ಮುಟ್ಟೋದಿಲ್ಲ ಅಂತ ಸಕ್ಕರೆ ಬಿಟ್ಟ, ತನ್ನ ಬಟ್ಟೆಗೆ ತಾನೇ ನೂಲು ತೆಗೆದ, ಗುಹೆಯಂಥ ಮನೆಯಲ್ಲಿ ವಾಸ ಮಾಡಿದ. ಹಿಮ ಬಿದ್ದ ದಿನ ಸಭಾಮನೆಯ ಬಾಗಿಲಲ್ಲಿ ಒಂದು ಕಾಲು ಬರಿಗಾಲಾಗಿ ನಿಂತ. ಅಯ್ಯೋ ಶೀತ ಆಗುತ್ತೆ ಅಂದವರಿಗೆ, ನಿಮ್ಮ ಗುಲಾಮರು ಚಳಿಗಾಲ ಪೂರ್ತಿ ಹೀಗೇ ಇರ್ತಾರಲ್ಲ ಅಂತ ನೆನಪಿಸಿದ. ಸಮಿತಿಯ ಅನುಮತಿ ಇಲ್ಲದೆ ಪುಸ್ತಕ ಬರೆದ. ಅದನ್ನು ಅಚ್ಚು ಹಾಕಿದವನು ಬೆಂಜಮಿನ್ ಫ್ರಾಂಕ್ಲಿನ್, ಆದರೆ ಜಾಣ. ಮುದ್ರಕನ ಹೆಸರು ಹಾಕಲಿಲ್ಲ.

1738ರ ವಾರ್ಷಿಕ ಸಭೆ ಬರ್ಲಿಂಗ್‌ಟನ್‌ನಲ್ಲಿ. ಲೇ ದೊಡ್ಡ ಕೋಟು ಹೊದ್ದು ಬಂದ. ಒಳಗೆ ಸೈನಿಕನ ಉಡುಪು, ಸೊಂಟಕ್ಕೆ ಕತ್ತಿ, ಕೈಯಲ್ಲಿ ಒಳಭಾಗ ಕೊರೆದ ಒಂದು ಪುಸ್ತಕ. ಪುಸ್ತಕದೊಳಗೆ ಕಾಡುಹಣ್ಣಿನ ಕೆಂಪು ರಸ ತುಂಬಿದ ಚೀಲ. ಮೌನದ ನಡುವೆ ಎದ್ದು, ಗುಲಾಮರನ್ನು ಇಟ್ಟುಕೊಂಡವರ ರಕ್ತವನ್ನು ದೇವರು ಹೀಗೇ ಸುರಿಸ್ತಾನೆ ಅಂತ ಹೇಳಿ, ಕೋಟು ಕಿತ್ತೆಸೆದು ಪುಸ್ತಕಕ್ಕೆ ಕತ್ತಿ ಚುಚ್ಚಿದ. ರಸ ಅಕ್ಕಪಕ್ಕದವರ ಮೇಲೆಲ್ಲ ಚಿಮ್ಮಿತು. ಅವನನ್ನು ಎತ್ತಿ ಹೊರಗೆ ಹಾಕಿದರು, ಸಂಘದಿಂದಲೂ ತೆಗೆದರು. ಗುಲಾಮರ ಬಗ್ಗೆ ಐವತ್ತು ವರ್ಷದಿಂದ ಆಗದ ತೀರ್ಮಾನ, ಲೇ ಬಗ್ಗೆ ಬೇಗನೇ ಆಯ್ತು ನೋಡಿ.

ಹಾಗಾದರೆ ಕೊನೆಗೆ ಬದಲಾವಣೆ ತಂದಿದ್ದು ಯಾವುದು? ಪಠ್ಯಪುಸ್ತಕದ ಉತ್ತರ ಜಾನ್ ವುಲ್ಮನ್. ನ್ಯೂಜೆರ್ಸಿಯ ಮೌಂಟ್ ಹಾಲಿಯಲ್ಲಿ ಅಂಗಡಿಯ ಗುಮಾಸ್ತನಾಗಿದ್ದ. 1742ರ ಸುಮಾರಿಗೆ ಯಜಮಾನ, ತಾನು ಮಾರಿದ ಒಬ್ಬ ಕಪ್ಪು ಹೆಂಗಸಿಗೆ ಮಾರಾಟದ ಚೀಟಿ ಬರೀ ಅಂದ. ಕೊಳ್ಳುವವರು ಆಚೆ ಕಾಯ್ತಾ ಇದ್ದರು. ವುಲ್ಮನ್ ಬರೆದ, ಆದರೆ ಇದು ಕ್ರೈಸ್ತ ಧರ್ಮಕ್ಕೆ ಒಪ್ಪುವ ಕೆಲಸವಲ್ಲ ಅಂತ ಇಬ್ಬರಿಗೂ ಹೇಳಿದ. ಮುಂದೆ ಅಂಥ ಚೀಟಿ ಬರೆಯೋದನ್ನ ಬಿಟ್ಟ. ದಕ್ಷಿಣದ ಕಡೆ ಪ್ರಯಾಣ ಹೋದಾಗ ಗುಲಾಮರಿರೋ ಮನೆಯಲ್ಲಿ ಉಂಡರೆ, ಅವರ ಕೆಲಸಕ್ಕೆ ಕೂಲಿ ಅಂತ ಬೆಳ್ಳಿ ನಾಣ್ಯ ಕೊಟ್ಟು ಬರುತ್ತಿದ್ದ. ಆತಿಥ್ಯ ಮಾಡಿದ ಯಜಮಾನನಿಗೆ ಅದೆಷ್ಟು ಇರಿಸುಮುರಿಸು ಆಗಿರಬೇಡ! ಬೈಗುಳಕ್ಕಿಂತ ಅದು ಖಾರ.

ಆದರೆ ವುಲ್ಮನ್ ಒಬ್ಬನ ಒಳ್ಳೆಯತನದಿಂದ ಆಯ್ತು ಅನ್ನೋದನ್ನ ನಾನು ಒಪ್ಪೋದಿಲ್ಲ. 1750ರ ದಶಕದಲ್ಲಿ ಎರಡು ಸಂಗತಿ ನಡೆದವು. ಮುಂದಿನ ಬೆಂಚಿನ ಹಳಬರು ಒಬ್ಬೊಬ್ಬರಾಗಿ ತೀರಿಕೊಂಡು, ಗುಲಾಮರನ್ನು ಹೊಂದಿರದ ಹೊಸಬರು ಹೆಚ್ಚು ಹೆಚ್ಚಾಗಿ ಸಮಿತಿಗಳಿಗೆ ಬಂದರು. ವುಲ್ಮನ್‌ನ ಗುಲಾಮಗಿರಿ ವಿರೋಧಿ ಪುಸ್ತಕ 1754ರಲ್ಲಿ ಅದೇ ಸಮಿತಿಯ ಒಪ್ಪಿಗೆ ಪಡೆದೇ ಅಚ್ಚಾಯ್ತು. ಎರಡನೆಯದು ಯುದ್ಧ. ಫ್ರೆಂಚರ ಜೊತೆ, ಡೆಲವೇರ್, ಶಾನೀ ಮೂಲನಿವಾಸಿಗಳ ಜೊತೆ ಹೋರಾಟ ಶುರುವಾದಾಗ, ಶಾಂತಿವಾದಿ ಕ್ವೇಕರರು ಯುದ್ಧಕ್ಕೆ ದುಡ್ಡು ಮಂಜೂರು ಮಾಡೋ ಶಾಸನಸಭೆಯಲ್ಲಿ ಕೂರೋದು ಹೇಗೆ? 1756ರಲ್ಲಿ ಆರು ಜನ ರಾಜೀನಾಮೆ ಕೊಟ್ಟು ಎದ್ದರು. ಹುಟ್ಟಿದಾಗಿನಿಂದ ಆಳ್ತಾ ಬಂದಿದ್ದ ಸಮುದಾಯಕ್ಕೆ ಅಧಿಕಾರದ ಮೇಲಿನ ಹಿಡಿತ ಸಡಿಲವಾಯ್ತು. ಗಡಿಯಲ್ಲಿ ಹೆಣ ಬೀಳ್ತಾ ಇದ್ದವು. ದೇವರು ನಮ್ಮ ಮೇಲೆ ಮುನಿದಿದ್ದಾನಾ ಅಂತ ಜನ ಕೇಳೋಕೆ ಶುರು ಮಾಡಿದರು. ಆಳೋದು ನಮ್ಮ ಕೆಲಸ ಅಲ್ಲದಿದ್ದರೆ, ನಾವು ಇರೋದಾದರೂ ಯಾತಕ್ಕೆ? ಎಪ್ಪತ್ತು ವರ್ಷ ಮುಂದೂಡಿದ್ದ ಕಡತ ಆಗ ಮತ್ತೆ ತೆರೆಯಿತು.

1758ರ ವಾರ್ಷಿಕ ಸಭೆಯಲ್ಲಿ ಮತ್ತೆ ಹಳೇ ಮಾತು ಬಂತು. ಅವಸರ ಬೇಡ, ಕಾಲ ಬಂದಾಗ ದೇವರೇ ದಾರಿ ತೋರಿಸ್ತಾನೆ ಅಂತ. ವುಲ್ಮನ್ ಎದ್ದ. ಸ್ನೇಹಿತರ ಮುಖ ನೋಡಿಕೊಂಡು, ಲಾಭ ನೋಡಿಕೊಂಡು ತಡಮಾಡಿದರೆ, ಆ ಜನರ ಕೂಗು ಕೇಳಿಸಿಕೊಂಡಿರೋ ದೇವರು ಭಯಂಕರವಾದ ರೀತಿಯಲ್ಲೇ ಉತ್ತರ ಕೊಟ್ಟಾನು ಅನ್ನೋ ಅರ್ಥದಲ್ಲಿ ಮಾತಾಡಿದ. ಗುಲಾಮರನ್ನು ಕೊಳ್ಳುವ, ಮಾರುವ ಸದಸ್ಯರನ್ನು ಸಂಘದ ವ್ಯವಹಾರಸಭೆಗಳಿಂದ ದೂರ ಇಡಬೇಕು ಅಂತ ನಡಾವಳಿ ಆಯ್ತು. ಜೊತೆಗೆ ಒಂದು ಸಮಿತಿ: ವುಲ್ಮನ್, ಡೇನಿಯಲ್ ಸ್ಟಾಂಟನ್, ಜಾನ್ ಸೈಕ್ಸ್, ಜಾನ್ ಸ್ಕಾರ್ಬರೊ. ಗುಲಾಮರಿರೋ ಸದಸ್ಯರ ಮನೆಮನೆಗೆ ಹೋಗಿ ಕೂತು ಮಾತಾಡೋದು ಅವರ ಕೆಲಸ. ನನಗೆ ಇಡೀ ಕತೆಯಲ್ಲಿ ಇದೇ ಮುಖ್ಯ ಅನಿಸೋದು. ದೊಡ್ಡ ಸಭೆಯಲ್ಲಿ ತಲೆಯಾಡಿಸಿ ಮನೆಗೆ ಹೋಗೋದು ಸುಲಭ. ಅದೇ ನಾಲ್ಕು ಜನ ನಿಮ್ಮ ಜಗಲಿಗೆ ಬಂದು ಕೂತು, ಒಳಗೆ ಕೆಲಸ ಮಾಡ್ತಾ ಇರೋಳನ್ನ ಯಾವಾಗ ಬಿಡ್ತೀರಿ ಅಂತ ಮೆತ್ತಗೆ ಕೇಳಿದರೆ?

ಸುದ್ದಿ ಕೇಳಿದ ಮುದುಕ ಲೇ, ಇನ್ನು ನೆಮ್ಮದಿಯಿಂದ ಸಾಯಬಹುದು ಅಂದನಂತೆ. ಮುಂದಿನ ವರ್ಷ ತೀರಿಕೊಂಡ. ಆದರೆ 'ಇಟ್ಟುಕೊಳ್ಳುವುದು' ಇನ್ನೂ ತಪ್ಪಾಗಿರಲಿಲ್ಲ. ಮನೆಭೇಟಿಗಳು ಮತ್ತೂ 18 ವರ್ಷ ನಡೆದವು. ವುಲ್ಮನ್ 1772ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಸಿಡುಬಿನಿಂದ ಸತ್ತ, ಕೊನೆಯ ತೀರ್ಮಾನ ನೋಡಲಿಲ್ಲ. ಗುಲಾಮರನ್ನು ಬಿಡದವರು ಕ್ವೇಕರರಾಗಿ ಉಳಿಯುವಂತಿಲ್ಲ ಅಂತ ಫಿಲಡೆಲ್ಫಿಯಾದ ವಾರ್ಷಿಕ ಸಭೆ ಹೇಳಿದ್ದು 1776ರಲ್ಲಿ. ಅದೇ ಊರು, ಅದೇ ವರ್ಷ. ಎಲ್ಲ ಮನುಷ್ಯರೂ ಸಮಾನರು ಅಂತ ಸ್ವಾತಂತ್ರ್ಯ ಘೋಷಣೆ ಬರೆದ ಜೆಫರ್ಸನ್ ಹತ್ತಿರ ಆಗಲೂ ಗುಲಾಮರಿದ್ದರು, ಸಾಯೋವರೆಗೂ ಇದ್ದರು. ಆ ಲೆಕ್ಕದಲ್ಲಿ ಕ್ವೇಕರರು ಬಹಳ ಮುಂದಿದ್ದರು ಅನ್ನೋದನ್ನ ಒಪ್ಪಲೇಬೇಕು. ಜರ್ಮನ್‌ಟೌನಿನ ಅರ್ಜಿಯಿಂದ ಎಣಿಸಿದರೆ 88 ವರ್ಷ. ಮೌನದಲ್ಲಿ ಕೂತವರಿಗೆ ಅದು ತಾಳ್ಮೆ. ಆ ನಡುವೆ ಹುಟ್ಟಿ, ದುಡಿದು, ಸತ್ತವರಿಗೆ ಅದೇ ಇಡೀ ಆಯಸ್ಸು.

ಅವರನ್ನು ಸಭೆಗೆ ಕರೆದು ಕೇಳಿದವರಿಲ್ಲ. ಬಿಡುಗಡೆಯಾದ ಮೇಲೂ ಕಪ್ಪು ಜನರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳೋಕೆ ಸಂಘ ಹಿಂದೆಮುಂದೆ ನೋಡಿತು. 19ನೇ ಶತಮಾನದಲ್ಲೂ ಫಿಲಡೆಲ್ಫಿಯಾದ ಆರ್ಚ್ ಸ್ಟ್ರೀಟ್ ಸಭಾಮನೆಯಲ್ಲಿ ಅವರಿಗೆ ಬೇರೆ ಬೆಂಚು. ಗುಲಾಮಗಿರಿ ವಿರೋಧಿ ಚಳವಳಿಯಲ್ಲಿದ್ದ ಶಿಕ್ಷಕಿ ಸಾರಾ ಮ್ಯಾಪ್ಸ್ ಡಗ್ಲಸ್ ತಾಯಿಯ ಜೊತೆ ಅದರ ಮೇಲೆ ಕೂರುತ್ತಿದ್ದರು; ಬೇರೆ ಯಾರೂ ಅಲ್ಲಿ ಕೂರದಂತೆ ನೋಡಿಕೊಳ್ಳುತ್ತಿದ್ದರು ಅಂತ ಆಕೆ ಬರೆದಿಟ್ಟಿದ್ದಾರೆ.

1688ರ ಆ ಅರ್ಜಿ ಕಡತಗಳಲ್ಲಿ ಹೂತುಹೋಗಿ 1844ರಲ್ಲಿ ಸಿಕ್ಕಿತು, ಮತ್ತೆ ಕಳೆದುಹೋಯ್ತು. 2005ರಲ್ಲಿ ಹುಡುಕಿದಾಗ ಇದೇ ಆರ್ಚ್ ಸ್ಟ್ರೀಟ್ ಸಭಾಮನೆಯ ಖಜಾನೆಯಲ್ಲಿ, ಅಂಚು ಹರಿದು, ಶಾಯಿ ಮಾಸಿ ಬಿದ್ದಿತ್ತು. ಬೆಂಜಮಿನ್ ಲೇಯನ್ನು ಹೊರಹಾಕಿದ್ದ ಸಭೆಗಳು, ಅವನು ನಮ್ಮವನೇ ಅಂತ ನಡಾವಳಿ ಬರೆದು ಒಪ್ಪಿಕೊಂಡಿದ್ದು 2017–18ರಲ್ಲಿ.